ತಂತಿ ಬಿಟ್ಟ ಕಣ್ಣು

ನಮ್ಮ ಸೋದರಮಾವನಿಗೆ ಬೀದಿಯವರು ಇಟ್ಟ ಹೆಸರು ಸೆಕೆಂಡುಮುಳ್ಳು. ತೆಳ್ಳಗಿನ ಆಳು, ನಡಿಗೆಯೆಲ್ಲ ಓಟ. "ಒಂದು ಕಡೆ ನಿಂತರೆ ತಾನೇ ಯಾರಾದರೂ ಹೆಣ್ಣು ಕೊಡೋದು!" ಎಂದು ಪಕ್ಕದಂಗಡಿಯ ದರ್ಜಿ ಛೇಡಿಸುತ್ತಿದ್ದ. ಮಾವ ಗಡಿಯಾರ ರಿಪೇರಿ ಮಾಡುತ್ತಿದ್ದರು. ಊರಾಚೆಯ ವಿಮಾನ ಕಂಪನಿಯವರು ವೇಗ ಅಳೆಯುವ ದಿನ ಅವರನ್ನೇ ಕರೆಸುತ್ತಿದ್ದರು. ಅವರ ಹೆಬ್ಬೆರಳು ತಪ್ಪುವುದಿಲ್ಲ ಎಂಬ ನಂಬಿಕೆ.

ಅಪ್ಪ ಅದೇ ಕಂಪನಿಯ ಪೈಲಟ್. ನನಗೆ ಆರು ವರ್ಷವಾಗಿದ್ದಾಗ, ಹೊಸ ಹೆಲಿಕಾಪ್ಟರಿನಲ್ಲಿ ವೇಗದ ದಾಖಲೆ ಮುರಿಯಲು ಹೊರಟರು. ಅದಕ್ಕೊಂದು ಕಟ್ಟಳೆಯಿದೆ. ಮೂರು ಕಿಲೋಮೀಟರಿನ ನೇರ ದಾರಿಯನ್ನು ಹೋಗುತ್ತಲೂ ಬರುತ್ತಲೂ ಹಾರಬೇಕು; ಹೋಗುವಾಗ ಬೆನ್ನು ತಳ್ಳಿದ ಗಾಳಿಯನ್ನು ಬರುವಾಗ ಎದೆಕೊಟ್ಟು ಎದುರಿಸಬೇಕು. ಎರಡರ ಸರಾಸರಿಯೇ ಲೆಕ್ಕ. ದಾರಿಯ ತುದಿಯಲ್ಲಿ ಒಂದರ ಹಿಂದೊಂದು ನಿಲ್ಲಿಸಿದ ಎರಡು ತಂತಿಗಳಿರುತ್ತವೆ. ಅವೆರಡೂ ಒಂದಾಗಿ ಕಾಣುವಂತೆ ಕಣ್ಣಿಟ್ಟು, ಹೆಲಿಕಾಪ್ಟರಿನ ಮೂಗು ಆ ಗೆರೆ ಮುಟ್ಟಿದೊಡನೆ ಸ್ಟಾಪ್‌ವಾಚಿನ ಗುಂಡಿ ಒತ್ತಬೇಕು. ನೋಡಬೇಕಾದದ್ದು ತಂತಿಯನ್ನು, ಹೆಲಿಕಾಪ್ಟರನ್ನಲ್ಲ.

ಆವತ್ತು ತಂತಿಯ ಬಳಿ ಗುಂಡಿ ಹಿಡಿದು ನಿಂತವರು ಮಾವ; ಆಚೆ ತುದಿಯ ಸೂಚನೆ ರೇಡಿಯೋದಲ್ಲಿ ಬರುತ್ತಿತ್ತು. ಹೋಗುವ ಹಾರಾಟ ಮೂವತ್ತೊಂದೂವರೆ ಸೆಕೆಂಡು. ಅಂಥ ವೇಗವನ್ನು ಅಲ್ಲಿದ್ದ ಯಾರೂ ಕಂಡಿರಲಿಲ್ಲ. ಬರುವ ಹಾರಾಟದಲ್ಲಿ ಸಮಯ ತಪ್ಪಿತು. ಬಿಸಿಲು ಕಣ್ಣಿಗೆ ಹೊಡೆಯಿತು ಎಂದರು ಮಾವ. ರೇಡಿಯೋದಲ್ಲಿ ಅಪ್ಪ ನಕ್ಕರಂತೆ. "ಏನ್ ಭಾವ, ನಿದ್ದೆ ಹತ್ತಿತಾ? ಇರಲಿ ಬಿಡಿ, ಇನ್ನೊಂದು ಸುತ್ತು ಬರ್ತೀನಿ. ಬಿಸಿಲಿಗೂ ಹೇಳಿಟ್ಟಿರಿ."

ಆ ಸುತ್ತಿನಲ್ಲಿ ತಲೆಯ ಮೇಲೆ ತಿರುಗುವ ರೆಕ್ಕೆಯೊಂದು ಬುಡದಲ್ಲಿ ಮುರಿಯಿತು. ಅಪ್ಪ ಬರಲಿಲ್ಲ.

ಬುಡದಲ್ಲಿ ಕೂದಲೆಳೆಯಷ್ಟು ಬಿರುಕಿತ್ತು, ಇದು ಯಾರ ತಪ್ಪೂ ಅಲ್ಲ ಎಂದಿತು ತನಿಖೆಯ ವರದಿ. ಪ್ರತಿ ಸಲ ಇಳಿದ ಮೇಲೆ ರೆಕ್ಕೆಯ ಬುಡ ಪರೀಕ್ಷಿಸುವುದು ವಾಡಿಕೆ ಎಂಬ ಸಾಲೂ ಅದರಲ್ಲಿತ್ತು. ಆ ಸಾಲಿನ ಕೆಳಗೆ ಮಾವನ ಉಗುರಿನ ಗೀರು ಇವತ್ತಿಗೂ ಇದೆ.

ಮಾವ ತಮ್ಮ ಬಾಡಿಗೆ ಕೋಣೆ ಬಿಟ್ಟು ನಮ್ಮ ಮನೆಗೆ ಬಂದರು. ನನಗೆ ಜಡೆ ಹಾಕಲು ಕಲಿತರು. ಮಗ್ಗಿ ಬಾಯಿಪಾಠ ಮಾಡಿಸಿದರು. ಕಂಪನಿಯ ಕಡೆ ಮತ್ತೆ ತಲೆ ಹಾಕಲಿಲ್ಲ, ಓಡಲೂ ಇಲ್ಲ. "ಸೆಕೆಂಡುಮುಳ್ಳು ಗಂಟೆಮುಳ್ಳಾಯ್ತಲ್ಲಪ್ಪ" ಎಂದ ದರ್ಜಿ ಒಂದು ದಿನ, ನಗದೆ. ಅಮ್ಮ ಮೊದಲು ಬಡಿಸುತ್ತಿದ್ದುದು ಅವರಿಗೇ. "ಅಣ್ಣ ಇಲ್ಲದಿದ್ದರೆ ನಾವಿಬ್ಬರೂ ಬೀದಿಪಾಲು" ಎಂದಾಗಲೆಲ್ಲ ಮಾವ ನೀರಿನ ಲೋಟಕ್ಕೆ ಕೈ ಹಾಕುತ್ತಿದ್ದರು.

ಹೀಗೇ ಹನ್ನೆರಡು ವರ್ಷ. ಒಂದು ಬೆಳಿಗ್ಗೆ ಪತ್ರಿಕೆಯಲ್ಲಿ, ಯಾವುದೋ ದೇಶದ ಹೆಲಿಕಾಪ್ಟರ್ ಹೊಸ ದಾಖಲೆ ಮಾಡಿದ ಸುದ್ದಿ ಬಂತು. ಅಮ್ಮ ಅದನ್ನು ಕತ್ತರಿಸಿಟ್ಟುಕೊಂಡಳು.

"ಅಣ್ಣ, ಆವತ್ತು ಅವರು ಎಷ್ಟು ವೇಗದಲ್ಲಿ ಹಾರಿದ್ರು? ಬರೆದಿಟ್ಟಿರ್ತೀಯಲ್ಲ ನೀನು. ಫೋಟೋ ಕೆಳಗೆ ಬರೀಬೇಕು. ದಾಖಲೆ ಆಗದಿದ್ರೆ ಬೇಡ, ಹಾರಿದ್ದಂತೂ ನಿಜ ತಾನೇ?"

ಹೋಗುವ ಹಾರಾಟದ ಅಂಕಿ ಇದ್ದದ್ದು ಒಂದೇ ಹಾಳೆಯಲ್ಲಿ. ಬರುವ ಹಾರಾಟದ ಸಾಲೂ ಅದರಲ್ಲೇ. ಮಾವ ಎದ್ದು, ಸಾಮಾನಿನ ಪೆಟ್ಟಿಗೆಯ ತಳದಿಂದ ಮಡಿಸಿದ ಹಾಳೆ ತಂದು ಅಮ್ಮನ ಕೈಗಿತ್ತರು. ಎರಡನೇ ಸಾಲಿನಲ್ಲಿ "ಸಮಯ ತಪ್ಪಿತು. ಕಾರಣ: ಬಿಸಿಲು" ಎಂದಿತ್ತು. ಬಿಸಿಲು ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ಬೇರೆ ಶಾಯಿಯಲ್ಲಿ "ನಾನು" ಎಂದು ಬರೆದಿತ್ತು.

"ಬಿಸಿಲು ಇರಲಿಲ್ಲ ಕಣಮ್ಮ. ತಂತಿ ಬಿಟ್ಟು ಅವನನ್ನ ನೋಡಿಬಿಟ್ಟೆ. ಅಷ್ಟು ಚೆನ್ನಾಗಿ ಬರ್ತಿದ್ದ. ಬೆರಳು ಅರ್ಧ ಸೆಕೆಂಡು ತಡವಾಯ್ತು. ತಪ್ಪು ನುಂಗಿಕೊಂಡು, ವಾಚಲ್ಲಿ ಬಂದ ಅಂಕಿಯನ್ನೇ ಬರೆದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಅವನು ಇಳಿದು ಬಂದಿರ್ತಿದ್ದ. ಅಳತೆ ಸುಳ್ಳಾಗಬಾರದು ಅಂದುಕೊಂಡೆ."

ಒಲೆಯ ಮೇಲೆ ಹಾಲು ಉಕ್ಕಿತು. ನಾನೇ ಹೋಗಿ ಆರಿಸಿದೆ. ತಿರುಗಿ ಬಂದಾಗ ಅಮ್ಮ ಹಾಳೆಯಿಂದ ತಲೆಯೆತ್ತಿದ್ದಳು.

"ನೋಡಿದೆ ಅಂದೆಯಲ್ಲ. ಮುಖ ಕಂಡಿತಾ? ನಗ್ತಿದ್ರಾ?"

"ಅಷ್ಟು ವೇಗದಲ್ಲಿ ಏನು ಕಾಣುತ್ತೆ ತಂಗಿ? ಬಿಳೀ ಗೆರೆಯೊಂದು ಹಾದುಹೋಯ್ತು. ಮುಖ ಕಾಣಲಿಲ್ಲ."

"ನಗ್ತಿದ್ರು ಅಂತ ಹೇಳಿಬಿಡಬಾರದಿತ್ತಾ ಅಣ್ಣ?"

"ಒಂದು ಸುಳ್ಳು ಹೇಳಿ ನೋಡಿದ್ದೀನಲ್ಲ" ಎಂದರು ಮಾವ.

ಆ ಮಧ್ಯಾಹ್ನವೂ ಅಮ್ಮ ಅವರಿಗೇ ಮೊದಲು ಬಡಿಸಿದಳು. ಅವರು ತೀರಿಕೊಳ್ಳುವವರೆಗೂ, ಇನ್ನೂ ಒಂಬತ್ತು ವರ್ಷ, ಹಾಗೇ ಬಡಿಸಿದಳು. ಆದರೆ "ಅಣ್ಣ ಇಲ್ಲದಿದ್ದರೆ" ಎಂಬ ಮಾತು ಅವಳ ಬಾಯಿಂದ ಮತ್ತೆ ಬರಲಿಲ್ಲ. ಅಪ್ಪನ ಫೋಟೋದ ಕೆಳಗಿನ ಜಾಗ ಖಾಲಿಯಾಗಿಯೇ ಉಳಿಯಿತು.