ಹಲ್ಲಕ್ಕನ ಅಳತೆ ತಪ್ಪಿರಲಿಲ್ಲ

ಊರಿನ ಅರ್ಧ ಬಾಯಿಗಳಲ್ಲಿ ಹಲ್ಲಕ್ಕನ ಕೈಕೆಲಸವಿತ್ತು. ಕಟ್ಟುಹಲ್ಲು ತಯಾರಿಸುವುದು ಅವಳ ಕಸುಬು. ಹಲ್ಲಿನ ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುವರು. ಇವಳು ಅದಕ್ಕೆ ಪ್ಲಾಸ್ಟರು ಸುರಿದು ದವಡೆಯ ಪಡಿಯಚ್ಚು ಎಬ್ಬಿಸಿ, ಮೇಣ ಕೂರಿಸಿ, ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಟ್ಟು ಹಿಂದಕ್ಕೆ ಕಳಿಸುವಳು. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂದು ಯಾರಾದರೂ ಗಾದೆ ತೆಗೆದರೆ, "ಕಡಲೆ ಇದ್ದೋರನ್ನ ನನ್ನ ಹತ್ರ ಕಳಿಸಿ, ಉಳಿದಿದ್ದು ನಾನು ನೋಡ್ಕೋತೀನಿ" ಎನ್ನುವಳು.

ಜಂಬ ಇತ್ತು, ಇಲ್ಲವೆನ್ನುವುದು ಹೇಗೆ? ಆದರೆ ಇಪ್ಪತ್ತಾರು ವರ್ಷ ಒಂದು ಸೆಟ್ಟೂ ವಾಪಸು ಬರದಿದ್ದರೆ ಯಾರಿಗಾದರೂ ಸ್ವಲ್ಪ ಬರುತ್ತದೆ. "ನಾನು ಮಾಡಿದ ಸೆಟ್ಟು ಬಾಯಿಗೆ ಕೂರಲಿಲ್ಲ ಅಂದ್ರೆ ಬಾಯೇ ಸರಿಯಿಲ್ಲ ಅಂತ ಅರ್ಥ" ಎಂದು ಅವಳು ಎದೆ ಸೆಟೆಸಿ ಹೇಳುವಾಗ ಕೇಳಿದವರು ನಗುತ್ತಿದ್ದರು.

ವಾಪಸು ಬಂದದ್ದು ಒಬ್ಬನದೇ, ಅವಳ ಸ್ವಂತ ತಮ್ಮನದು. ಅವನು ಶಾಲೆಯ ವ್ಯಾನಿನ ಡ್ರೈವರು. ಇಪ್ಪತ್ತರ ಹರೆಯದಲ್ಲಿ ಸೈಕಲ್ಲಿನಿಂದ ಬಿದ್ದು ಕೆಳಗಿನ ನಾಲ್ಕು ಮುಂಬಲ್ಲು ಕಳೆದುಕೊಂಡಿದ್ದ. ಅಕ್ಕ ಮಾಡಿಕೊಟ್ಟ ಹಲ್ಲು ಹಾಕಿಕೊಂಡೇ ಮದುವೆಯಾದ, ಅದರಲ್ಲೇ ಮಕ್ಕಳನ್ನು ಗದರಿಸಿದ. ನಲವತ್ತು ದಾಟುತ್ತಿದ್ದಂತೆ ಒಂದು ದಿನ ಬಂದು, "ಅಕ್ಕಾ, ಹಲ್ಲು ಅಲ್ಲಾಡ್ತಿದೆ" ಎಂದ.

ಡಾಕ್ಟರ ಹತ್ತಿರ ಕಳಿಸಬೇಕಿತ್ತು. ಮನೆಯವನಿಗೆ ಡಾಕ್ಟರು ಯಾಕೆ ಎಂದುಕೊಂಡು ಹಲ್ಲಕ್ಕ ತಾನೇ ಅಚ್ಚು ತೆಗೆದು ಹೊಸದು ಮಾಡಿಕೊಟ್ಟಳು. ಒಂದು ವರ್ಷ ಕಳೆಯುವುದರೊಳಗೆ ಅದೂ ಸಡಿಲಾಯಿತು. ಆಗ ಪ್ಲಾಸ್ಟರು ಮಾರುವವನಿಗೆ ಬೈದಳು. ಮೂರನೆಯ ಸಲ, ಬಾಟಲಿ ಮುಚ್ಚಳ ಹಲ್ಲಲ್ಲಿ ಕಚ್ಚಿ ತೆಗೆಯುತ್ತೀಯ ಎಂದು ತಮ್ಮನಿಗೆ ಬೈದಳು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಅವನು ಕೆಣಕಿದ. ಆ ಮಾತು ಅವಳಿಗೆ ನಾಟಿತು. ಗುಟ್ಟಾಗಿ ಹೋಗಿ ಹೊಸ ಕನ್ನಡಕ ಮಾಡಿಸಿಕೊಂಡು ಬಂದಳು. ಪ್ರತಿ ಸಲವೂ ಹೊಸ ಹಲ್ಲು ಅಚ್ಚುಕಟ್ಟಾಗಿ ಕೂರುತ್ತಿತ್ತು, ತಮ್ಮ ಕನ್ನಡಿಯಲ್ಲಿ ಹಲ್ಲು ಕಿಸಿದು ನೋಡಿಕೊಂಡು ಖುಷಿಯಾಗಿ ಹೋಗುತ್ತಿದ್ದ.

ಅಷ್ಟರಲ್ಲಿ ಅವನ ಉಂಗುರವನ್ನು ಕತ್ತರಿಸಿ ತೆಗೆಯಬೇಕಾಯಿತು. ಚಪ್ಪಲಿ ಎರಡು ನಂಬರು ಮೇಲೆ ಹೋಯಿತು. ಮೂಗು ದಪ್ಪವಾಯಿತು, ದನಿ ಗಡುಸಾಯಿತು, ಗೊರಕೆಗೆ ಪಕ್ಕದ ಮನೆಯವರೂ ಎಚ್ಚರವಾಗುತ್ತಿದ್ದರು. ಹೆಂಡತಿಯ ಅಡುಗೆ ಮೈಗೆ ಹತ್ತಿದೆ ಎಂದು ನೆಂಟರು ಹೊಗಳಿದರು. ದಿನಾ ನೋಡುವ ಮುಖದಲ್ಲಿ ಬದಲಾವಣೆ ಯಾರಿಗೆ ಕಾಣುತ್ತದೆ? ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಮ್ಮನೆ ಅಲ್ಲ.

ನಾಲ್ಕನೆಯ ಸಲ ಬಂದಾಗ ಅವನ ಮುಖ ಬಾಡಿತ್ತು. ತಲೆನೋವಂತೆ. ಅದಕ್ಕಿಂತ ಹೆಚ್ಚಾಗಿ, ಒಂದೇ ತಿಂಗಳಲ್ಲಿ ವ್ಯಾನಿನ ಎಡಗನ್ನಡಿ ಒಡೆದಿತ್ತು, ಬಲಗಡೆ ಗೇಟಿಗೆ ಉಜ್ಜಿತ್ತು. ಇನ್ನೊಂದು ಸಲ ಆದರೆ ಬೀಗದ ಕೈ ಇಟ್ಟು ಹೋಗು ಎಂದು ಶಾಲೆಯವರು ಹೇಳಿದ್ದರು.

"ಇಪ್ಪತ್ತು ವರ್ಷದಲ್ಲಿ ಒಂದು ಗೀರು ಬಿದ್ದಿರಲಿಲ್ಲ ಅಕ್ಕಾ. ಈಗ ಪಕ್ಕದಲ್ಲಿರೋದೆಲ್ಲಾ ತಾನಾಗೇ ಬಂದು ಗುದ್ದುತ್ತೆ."

ಹಲ್ಲಕ್ಕ ಅವನ ಪಕ್ಕಕ್ಕೆ ಬಂದು ನೀರಿನ ಲೋಟ ಚಾಚಿದಳು. ಅವನು ಕೈ ಎತ್ತಿದ್ದೇ ಲೋಟ ಹಾರಿ ಗೋಡೆಗೆ ಬಡಿಯಿತು. "ಅಯ್ಯೋ, ನೀನು ಯಾವಾಗ ಇಲ್ಲಿಗೆ ಬಂದೆ?" ಎಂದ.

ಅವಳು ಒದ್ದೆ ನೆಲವನ್ನು ಒರೆಸಲಿಲ್ಲ. ಕಪಾಟು ತೆಗೆದಳು. ಯಾರದೇ ಆಗಲಿ, ಪಡಿಯಚ್ಚನ್ನು ಅವಳು ಎಸೆಯುವವಳಲ್ಲ. ತಮ್ಮನ ಹಳೆಯ ನಾಲ್ಕು ದವಡೆಗಳನ್ನು ಸಾಲಾಗಿ ಮೇಜಿನ ಮೇಲಿಟ್ಟಳು. ಆಗಷ್ಟೇ ಅವನ ಬಾಯಿಯ ಅಚ್ಚು ತೆಗೆದು ಸುರಿದ ಐದನೆಯದು ಗಟ್ಟಿಯಾಗುವವರೆಗೆ ಕಾದು ಅದನ್ನೂ ಇಟ್ಟಳು. ಕಾಲಿಪರ್ ಹಿಡಿದು ಎರಡು ಕೋರೆಹಲ್ಲಿನ ನಡುವಿನ ಜಾಗ ಅಳೆದಳು. ಒಂದಕ್ಕಿಂತ ಒಂದರಲ್ಲಿ ಜಾಸ್ತಿ. ಮೊದಲನೆಯದಕ್ಕೂ ಕಡೆಯದಕ್ಕೂ ಮೂರು ಮಿಲಿಮೀಟರು ವ್ಯತ್ಯಾಸ.

ಅದೇ ಮೂಟೆಯ ಪ್ಲಾಸ್ಟರಿನಲ್ಲಿ ಮಾಡಿದ ಬೇರೆಯವರ ದವಡೆಗಳನ್ನೂ ಅವರ ಹಳೆಯವುಗಳ ಜೊತೆ ಹೋಲಿಸಿದಳು. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಅಂದರೆ ಪ್ಲಾಸ್ಟರು ಸರಿ. ತನ್ನ ಕೈಯೂ ಸರಿ. ಎಲ್ಲರೂ ನಗುತ್ತಿದ್ದ ತನ್ನ ಜಂಬದ ಮಾತನ್ನು ಅವಳು ಆಗ ಮೊದಲ ಸಲ ತಾನೇ ಪೂರ್ತಿ ನಂಬಿದಳು, ನಂಬಿ ಬೆವರಿದಳು.

"ನಲವತ್ತೆರಡು ವರ್ಷದ ಗಂಡಸಿನ ದವಡೆ ಬೆಳೆಯುತ್ತೇನೋ? ಏಳು."

"ಎಲ್ಲಿಗೆ?"

"ಮೊದಲು ವ್ಯಾನಿನ ಬೀಗದ ಕೈ ಕೊಡು."

ಅವನು ಕೊಡಲಿಲ್ಲ. "ಒಡಹುಟ್ಟಿದವಳೇ ನನ್ನ ಅನ್ನಕ್ಕೆ ಕಲ್ಲು ಹಾಕ್ತೀಯಾ?" ಎಂದು ಕೂಗಾಡಿದ. "ಹಿಂದೆ ಹದಿನೆಂಟು ಮಕ್ಕಳು ಕೂತಿರ್ತಾರೆ, ಪಕ್ಕದಲ್ಲಿ ನಿಂತ ನಾನು ನಿನಗೆ ಕಾಣಲಿಲ್ಲ" ಎಂದಳು ಹಲ್ಲಕ್ಕ, ದನಿ ಏರಿಸದೆ. ಅವನು ಬೀಗದ ಕೈ ಮೇಜಿನ ಮೇಲೆ ಎಸೆದ. ಅವಳೇ ಅದನ್ನು ಶಾಲೆಗೆ ಮುಟ್ಟಿಸಿದಳು. ಎರಡು ದಿನ ತಮ್ಮ ಅವಳೊಡನೆ ಮಾತಾಡಲಿಲ್ಲ, ಆದರೆ ಆಸ್ಪತ್ರೆಗೆ ಜೊತೆಯಲ್ಲೇ ಬಂದ.

ಅಲ್ಲಿನ ಗ್ರಂಥಿಗಳ ಡಾಕ್ಟರಮ್ಮ ಐದು ದವಡೆಗಳನ್ನು ತಿರುವಿ ತಿರುವಿ ನೋಡಿ, ಅವನ ಕೈ ನೋಡಿ, ಹಳೆಯ ಲೈಸೆನ್ಸಿನ ಫೋಟೊ ನೋಡಿದರು. ರಕ್ತ ಪರೀಕ್ಷೆ, ಸ್ಕ್ಯಾನು ಎಲ್ಲ ಆದ ಮೇಲೆ ಕೂರಿಸಿಕೊಂಡು ಹೇಳಿದರು.

"ಮೂಗಿನ ಹಿಂದೆ, ಮೆದುಳಿನ ಕೆಳಗೆ ಕಡಲೆಕಾಳಿನಷ್ಟು ಒಂದು ಗ್ರಂಥಿ ಇದೆ. ಪಿಟ್ಯುಟರಿ ಅಂತ. ಮನೆಗೆ ಹಿರಿಯಳಿದ್ದ ಹಾಗೆ; ಥೈರಾಯ್ಡಿಗೆ, ಇನ್ನೂ ಕೆಲವು ಗ್ರಂಥಿಗಳಿಗೆ ನೀನು ಇಷ್ಟು ಮಾಡು ಅಂತ ಹೇಳೋಳು ಅವಳೇ. ಅಲ್ಲೊಂದು ಗಡ್ಡೆ ಬೆಳೆದಿದೆ. ಕ್ಯಾನ್ಸರಲ್ಲ. ಆದ್ರೆ ಬೆಳವಣಿಗೆಯ ಹಾರ್ಮೋನನ್ನ ಸುರೀತಾ ಇದೆ. ಈ ವಯಸ್ಸಲ್ಲಿ ಎತ್ತರ ಬೆಳೆಯಲ್ಲ, ದವಡೆ, ಕೈ, ಕಾಲು ದಪ್ಪ ಆಗುತ್ತೆ. ಗಡ್ಡೆ ಮೇಲಕ್ಕೂ ಹೋಗಿ ಕಣ್ಣಿನ ನರ ಒತ್ತುತ್ತಿದೆ. ಅದಕ್ಕೇ ಎರಡೂ ಪಕ್ಕ ಕಾಣ್ತಿಲ್ಲ. ಬಿಟ್ಟರೆ ಇರೋ ದೃಷ್ಟಿಯೂ ಹೋಗಬಹುದು. ಮೂಗಿನ ಒಳಗಿಂದಲೇ ಹೋಗಿ ತೆಗೀತಾರೆ."

"ಹೋದ ದೃಷ್ಟಿ ವಾಪಸು ಬರುತ್ತಾ?" ತಮ್ಮ ಕೇಳಿದ್ದು ಅದೊಂದನ್ನೇ.

"ತುಂಬ ಜನಕ್ಕೆ ಬರುತ್ತೆ. ಎಲ್ಲರಿಗೂ ಅಲ್ಲ."

ಹಲ್ಲಕ್ಕ ಮೇಜಿನ ಮೇಲಿದ್ದ ದವಡೆಗಳನ್ನು ತನ್ನ ಕಡೆಗೆ ಎಳೆದುಕೊಂಡಳು. "ನಾನು ಪ್ರತಿ ಸಲ ಸರಿ ಮಾಡಿ ಕೊಡ್ತಾ ಹೋದೆ ಡಾಕ್ಟ್ರೇ. ಹಾಳಾದ್ದು ಒಂದು ಸಲ ಸರಿಯಾಗಿ ಕೂರದೆ ಇದ್ದಿದ್ರೆ ಇವನು ಎರಡು ವರ್ಷದ ಹಿಂದೇನೇ ಡಾಕ್ಟರ ಹತ್ರ ಹೋಗ್ತಿದ್ದ."

ಡಾಕ್ಟರಮ್ಮ ಸಮಾಧಾನದ ಮಾತು ಹೇಳಲಿಲ್ಲ. "ಹೌದು, ಹೋಗಬೇಕಿತ್ತು. ಆದ್ರೆ ಇಷ್ಟು ಕರಾರುವಾಕ್ಕಾದ ಸಾಕ್ಷಿ ಹಿಡ್ಕೊಂಡು ಬಂದೋರನ್ನ ನಾನು ನೋಡಿಲ್ಲ" ಎಂದರು. ಹಲ್ಲಕ್ಕ ಎರಡನ್ನೂ ಒಪ್ಪಿಕೊಂಡಳು.

ಆಪರೇಷನ್ನಿನ ದಿನ ಅವಳು ಹೊರಗಿನ ಬೆಂಚಿನಲ್ಲಿ ನೆಟ್ಟಗೆ ಕೂತು, ತಮ್ಮನ ಹೆಂಡತಿಗೆ ಧೈರ್ಯ ಹೇಳಿದಳು. ಆಪರೇಷನ್ ಚೆನ್ನಾಗಿ ಆಯಿತು, ಕಣ್ಣಿನದು ಕಾದು ನೋಡೋಣ ಎಂದರು. ಮಾರನೆಯ ದಿನ ಬೆಳಿಗ್ಗೆ ಒಳಗೆ ಬಿಟ್ಟಾಗ ತಮ್ಮ ದಿಂಬಿಗೆ ಒರಗಿದ್ದ. ಮೂಗಿನ ಕೆಳಗೆ ಬಟ್ಟೆ ಕಟ್ಟಿದ್ದರು. ಬಗ್ಗಬೇಡ, ಮೂಗು ಸೀಟಬೇಡ, ತಲೆ ಅಲ್ಲಾಡಿಸದೆ ಎದುರಿನ ಗೋಡೆ ನೋಡಿಕೊಂಡಿರು ಎಂದು ನರ್ಸು ಕಟ್ಟಪ್ಪಣೆ ಮಾಡಿ ಹೋದಳು.

ಹಲ್ಲಕ್ಕ ಮಂಚದ ಪಕ್ಕದ ಸ್ಟೂಲಿನಲ್ಲಿ ಸದ್ದಿಲ್ಲದೆ ಕೂತಳು. ಕಣ್ಣಿನ ವಿಷಯ ಕೇಳಬೇಕೆಂದು ಬಾಯಿಗೆ ಬಂತು, ಕೇಳುವುದಕ್ಕೆ ಹೆದರಿಕೆಯಾಯಿತು. ಜೀವಮಾನದಲ್ಲಿ ಅವಳು ಒಂದು ಮಾತು ಕೇಳಲು ಹೆದರಿದ್ದು ಅದೇ ಮೊದಲು. ತಡೆದುಕೊಂಡಿದ್ದ ಅಳು ಒತ್ತರಿಸಿ ಬಂತು; ಸದ್ದು ತಮ್ಮನಿಗೆ ಕೇಳಬಾರದೆಂದು ಸೆರಗನ್ನು ಬಾಯಿಗೆ ತುರುಕಿಕೊಂಡಳು.

ತಮ್ಮ ಗೋಡೆಯಿಂದ ಕಣ್ಣು ಕೀಳಲಿಲ್ಲ.

"ಸೆರಗು ತೆಗಿ ಅಕ್ಕಾ," ಎಂದ, "ಉಸಿರು ಕಟ್ಟುತ್ತೆ."