ವಾಗ್ದಾನದ ತಟ್ಟೆ

ಮಾರ್ಚ್ ತಿಂಗಳ ಒಂದು ಮಂಗಳವಾರ, ಬೆಳಗಿನ ಆರೂವರೆಯ ಬಸ್ಸಿಗೆ ಬೀದರ್ ಬಿಟ್ಟೆ. ಕೈಚೀಲದಲ್ಲಿ ಎರಡು ಜೊತೆ ಬಟ್ಟೆ, ಜೋಳದ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ ಇದ್ದವು. ಹಿಂದಿನ ದಿನ ಹೈದರಾಬಾದಿನಿಂದ ಲವೀನಾ ಫೋನ್ ಮಾಡಿದ್ದಳು. ಅವಳು ಮಂಗಳೂರಿನವಳು, ಹೈದರಾಬಾದಿನ ಮಾದಾಪುರದಲ್ಲಿ ನನ್ನ ಅಕ್ಕನ ಮಗಳು ಕರುಣಾಳ ಜೊತೆ ಒಂದೇ ಮನೆಯಲ್ಲಿದ್ದು, ಒಂದೇ ಕಂಪನಿಯಲ್ಲಿ ಕೆಲಸ ಮಾಡುವವಳು.

"ಅಂಕಲ್, ಗುರುವಾರ ಅವಳಿಗೆ ಆಪರೇಷನ್. ಕುತ್ತಿಗೆಯ ಗಂಟು ತೆಗೆದು ಪರೀಕ್ಷೆ ಮಾಡ್ಲೇಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಇವಳು ನೋಡಿದ್ರೆ ಹೋಗುದಿಲ್ಲ ಅಂತ ಕೂತಿದ್ದಾಳೆ. ನಿಮ್ಮ ಚರ್ಚಿನ ಯಾವುದೋ ಚೀಟಿ ಹಿಡ್ಕೊಂಡು ಕೂತಿದ್ದಾಳೆ ಮಾರಾಯ್ರೆ."

ಆ ಚೀಟಿ ಬರೆದವನು ನಾನು.

ಹೊಸ ವರ್ಷದ ಬೆಳಗಿನ ಆರಾಧನೆಯಲ್ಲಿ ನಮ್ಮ ಸಭೆಯವರು ಒಬ್ಬೊಬ್ಬರೂ ಒಂದು ವಾಗ್ದಾನದ ಚೀಟಿ ಎತ್ತುತ್ತಾರೆ. ಸ್ಟೀಲಿನ ತಟ್ಟೆಯಲ್ಲಿ ಮಡಿಚಿಟ್ಟ ಚೀಟಿಗಳು, ಪ್ರತಿಯೊಂದರಲ್ಲೂ ಬೈಬಲಿನ ಒಂದು ವಾಕ್ಯ. ಕಣ್ಣು ಮುಚ್ಚಿ ಎತ್ತಿದ್ದು ಆ ವರ್ಷಕ್ಕೆ ದೇವರು ತಮಗೆ ಕೊಟ್ಟ ಮಾತು ಎಂದು ನಂಬುತ್ತಾರೆ. ನಾನು ಶಾಲೆಯಲ್ಲಿ ಮಾಸ್ತರನಾಗಿದ್ದವನು. ಅಕ್ಷರ ದುಂಡಗಿದೆ ಎಂದು ಬರೆಯುವ ಕೆಲಸವೂ ತಟ್ಟೆ ಹಿಡಿಯುವ ಕೆಲಸವೂ ನನಗೇ ಬಂದಿದ್ದವು.

ಈ ಸಲ ಕರುಣಾ ರಜೆಗೆ ಬಂದವಳು ಎರಡು ದಿನವೂ ಮತ್ತೆ ಮತ್ತೆ ಕುತ್ತಿಗೆ ಮುಟ್ಟಿಕೊಳ್ಳುತ್ತಿದ್ದಳು. ನನಗೆ ಹೆದರಿಕೆಯಾಯಿತು. ನನ್ನ ಅಕ್ಕ ತೀರಿಕೊಂಡದ್ದೂ ಒಂದು ಗಂಟಿನಿಂದಲೇ. ಏನಾಗಿದೆ ಎಂದು ಹುಡುಗಿಯನ್ನು ಕೇಳಲಿಲ್ಲ. ಯಾವ ಬಾಧೆಯೂ ನಿನ್ನ ಮನೆಯ ಹತ್ತಿರ ಸುಳಿಯದು ಎಂಬ ಅರ್ಥದ ವಾಕ್ಯವಿದ್ದ ಚೀಟಿಯ ಮೂಲೆಯನ್ನು ಗುರುತಿಗೆಂದು ಮಡಿಸಿಟ್ಟುಕೊಂಡೆ. ಮರುದಿನ ಆರಾಧನೆಯಲ್ಲಿ ಅವಳ ಸರತಿ ಬಂದಾಗ, ಅದು ಅವಳ ಬೆರಳಿಗೆ ಸಿಗುವಂತೆ ತಟ್ಟೆಯನ್ನು ತುಸು ತಿರುಗಿಸಿದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಜಹೀರಾಬಾದ್ ದಾಟುವಷ್ಟರಲ್ಲಿ ಬಿಸಿಲು ಕಿಟಕಿಯೊಳಗೆ ಬಂದಿತ್ತು. ಪಕ್ಕದಲ್ಲಿ ಔರಾದ ಕಡೆಯ ಹೆಂಗಸು ಕುಳಿತಿದ್ದರು. ಮಾದಾಪುರದಲ್ಲಿ ಕಟ್ಟಡದ ಕೆಲಸಕ್ಕೆ ಹೊರಟವರು.

"ಯಾಕ್ರಿ ಸರ, ದವಾಖಾನಿಗಿ ಹೊಂಟೀರೇನು?"

"ಹೆಂಗ ಗೊತ್ತಾತು?"

"ಮಾರಿ ನೋಡಿದ್ರ ತಿಳೀತದಲ್ರಿ." ಸೆರಗನ್ನು ಬಿಸಿಲಿಗೆ ಅಡ್ಡ ಹಿಡಿದು ಅಂದರು, "ನಾವು ಇಪ್ಪತ್ತು ಮಾಳಗಿ ಏರೋರು. ಮುಂಜಾನಿ ಏರಾಗ ಇದ್ದಬದ್ದ ದೇವರ ಹೆಸರೆಲ್ಲ ತಗೋತೀನಿ. ಆದ್ರ ನಡಕ್ಕ ಕಟ್ಟಿದ ಹಗ್ಗ ಮಾತ್ರ ಬಿಚ್ಚಂಗಿಲ್ಲ ನೋಡ್ರಿ."

ಅವರು ನಕ್ಕರು. ನಾನು ನಗಲಾರದೆ ರೊಟ್ಟಿಯ ಬುತ್ತಿ ಬಿಚ್ಚಿ ಅವರಿಗೂ ಕೊಟ್ಟೆ. ನನ್ನದನ್ನು ಅರ್ಧ ತಿಂದು ಕಟ್ಟಿಟ್ಟೆ.

ಸಂಗಾರೆಡ್ಡಿಯಲ್ಲಿ ಚಹಾಕ್ಕೆ ಹತ್ತು ನಿಮಿಷ ಬಸ್ಸು ನಿಂತಿತು. ಮಿಯಾಪುರದಲ್ಲಿ ಇಳಿದು ಲವೀನಾ ಹೇಳಿಕೊಟ್ಟಂತೆ ಮೆಟ್ರೋ ಹತ್ತಿದೆ. ಅಮೀರ್‌ಪೇಟೆಯಲ್ಲಿ ಗಾಡಿ ಬದಲಿಸಬೇಕು. ಅಲ್ಲಿ ಕೊರಳಲ್ಲಿ ಗುರುತಿನ ಕಾರ್ಡು ಹಾಕಿಕೊಂಡ ಹುಡುಗರು ಹುಡುಗಿಯರು ಒಬ್ಬರನ್ನೊಬ್ಬರು ನೂಕದೆ, ಮಾತಾಡದೆ ನಿಂತಿದ್ದರು. ಯಾವ ಕಡೆಯ ಗಾಡಿ ಎಂದು ಒಬ್ಬನನ್ನು ಕೇಳಿ ನಾನೂ ಅವರ ಹಿಂದೆ ನಿಂತೆ.

ಕರುಣಾ ಮೂರನೇ ಮಹಡಿಯ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದಳು. ಆ ಸೆಕೆಯಲ್ಲೂ ಕುತ್ತಿಗೆಗೆ ದುಪಟ್ಟಾ ಸುತ್ತಿಕೊಂಡಿದ್ದಳು. ಫೋನಿನ ಕವರಿನ ಒಳಗಡೆ ನನ್ನ ದುಂಡು ಅಕ್ಷರ ಕಾಣುತ್ತಿತ್ತು.

"ಲವೀನಾ ಕರಸ್ಯಾಳ ಅಲ್ಲ ನಿಮಗ? ಹೆದರಬ್ಯಾಡ್ರಿ ಮಾಮಾ. ದೇವರು ಮಾತು ಕೊಟ್ಟಾನ. ಈಗ ಕತ್ತರಿಸಾಕ ಒಪ್ಪಿದ್ರ, ಆ ಮಾತು ನಾ ನಂಬಲಿಲ್ಲ ಅಂದಂಗ ಆಗ್ತದ."

ಆಗಲೇ ಹೇಳಬೇಕಿತ್ತು, ಹೇಳಲಿಲ್ಲ. ಸಂಜೆ ಊಟದ ಮುಂದೆ ಅವಳು ಪ್ರಾರ್ಥನೆ ಮಾಡಿದಳು. ವಾಗ್ದಾನ ಕೊಟ್ಟದ್ದಕ್ಕೆ ದೇವರೇ ನಿನಗೆ ಸ್ತೋತ್ರ ಎಂದಳು. ನಾನೂ ಆಮೆನ್ ಎಂದೆ. ಹೇಳಿದರೆ ಹುಡುಗಿಯ ನಂಬಿಕೆ ಮುರಿಯುತ್ತದೆ, ಹೇಳದಿದ್ದರೆ ಹುಡುಗಿಯೇ ಉಳಿಯಲಿಕ್ಕಿಲ್ಲ.

ಬುಧವಾರ ಬೆಳಿಗ್ಗೆ ಲವೀನಾ ಹಾಲು ತರಲು ಕೆಳಗೆ ಹೋದಾಗ ಹೇಳಿದೆ. "ಕರುಣಾ, ಆ ಚೀಟಿ ನೀ ಎತ್ತಿದ್ದಲ್ಲ. ನಾ ಎತ್ತಿಸಿದ್ದು." ಮೂಲೆ ಮಡಿಸಿದ್ದು, ತಟ್ಟೆ ತಿರುಗಿಸಿದ್ದು, ಎಲ್ಲವನ್ನೂ ಹೇಳಿದೆ.

ಅವಳು ಕವರು ಬಿಚ್ಚಿ ಚೀಟಿ ತೆಗೆದು, ಮೂಲೆಯ ಗೆರೆಯ ಮೇಲೆ ಉಗುರು ಆಡಿಸಿದಳು.

"ಯಾಕ ಮಾಮಾ?"

"ಹೆದರಿದ್ದೆ."

"ಏನಾಗ್ಯದ ಅಂತ ಕೇಳಬೇಕಿತ್ತು."

"ಹೌದು."

"ಆವಾಗ ಕೇಳಿದ್ರ ಹೇಳತಿದ್ದೆ. ಆವಾಗ ಇದು ಕಡಲಿಕಾಳಿನಷ್ಟು ಇತ್ತು."

ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಪ್ರಾರ್ಥನೆಯ ದನಿಯೂ ಕೇಳಲಿಲ್ಲ, ಅಳುವೂ ಕೇಳಲಿಲ್ಲ. ಕೈ ಜೋಡಿಸಿದೆ. ಊರಲ್ಲಿ ಯಾರ ಮನೆಯಲ್ಲಿ ಕಾಯಿಲೆಯಾದರೂ ಪ್ರಾರ್ಥನೆಗೆ ನನ್ನನ್ನೇ ಕರೆಯುತ್ತಾರೆ. ಇಲ್ಲಿ ಒಂದು ಮಾತೂ ಬರಲಿಲ್ಲ. ತಟ್ಟೆ ತಿರುಗಿಸುವಾಗ ದೇವರನ್ನು ಕೇಳದವನು ಈಗ ಏನೆಂದು ಕೇಳಲಿ?

ನಾಲ್ಕು ಗಂಟೆಗೆ ಬಾಗಿಲು ತೆರೆಯಿತು. "ಲವೀನಾ, ನಾಳೆ ಎಷ್ಟಕ್ಕ ಹೋಗಬೇಕು?"

"ಆರಕ್ಕೆ. ಬ್ಯಾಗು ನಾನು ಸೋಮವಾರವೇ ತುಂಬಿಸಿಟ್ಟಿದ್ದೇನೆ. ನಿನ್ನನ್ನು ಎತ್ತಿ ಹಾಕುದು ಒಂದೇ ಬಾಕಿ ಇತ್ತು."

ಗುರುವಾರ ಆಸ್ಪತ್ರೆಯಲ್ಲಿ ಅವಳಿಗೆ ಹಸಿರು ಅಂಗಿ ತೊಡಿಸಿ ಗಾಲಿ ಮಂಚದ ಮೇಲೆ ಮಲಗಿಸಿದರು. ರೂಢಿಯಂತೆ ನನ್ನ ಕೈ ಅವಳ ತಲೆಯ ಕಡೆ ಹೋಯಿತು.

"ಬ್ಯಾಡ್ರಿ ಮಾಮಾ. ಸುಮ್ನ ಕೂಡ್ರಿ."

ಕುಳಿತೆ. ಪಕ್ಕದಲ್ಲಿ ಲವೀನಾ ಜಪಸರದ ಮಣಿ ಎಣಿಸುತ್ತಿದ್ದಳು. ಎರಡೂವರೆ ಗಂಟೆ ನಾನು ಅವಳನ್ನು ಒಯ್ದ ಆಪರೇಷನ್ ಕೋಣೆಯ ಬಾಗಿಲ ಹಿಡಿಯನ್ನೇ ನೋಡುತ್ತಿದ್ದೆ. ಅದು ಅಲುಗಿದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಕೊನೆಗೆ ಡಾಕ್ಟರು ಬಂದು ಹಿಂದಿಯಲ್ಲಿ ಹೇಳಿದರು: ಗಂಟು ತೆಗೆದಿದ್ದೇವೆ, ಹುಡುಗಿ ಚೆನ್ನಾಗಿದ್ದಾಳೆ, ಗಂಟು ಎಂಥದ್ದೆಂದು ತಿಳಿಯಲು ಹತ್ತು ದಿನ ಕಾಯಬೇಕು.

ಶನಿವಾರ ಮಧ್ಯಾಹ್ನ ಅವಳನ್ನು ಮನೆಗೆ ಕರೆತಂದೆವು. ಲವೀನಾ ಗಂಜಿ ಕುಡಿಸಿದಳು. ಚೀಟಿ ಎಲ್ಲೂ ಕಾಣಲಿಲ್ಲ, ನಾನು ಕೇಳಲಿಲ್ಲ. ರಿಪೋರ್ಟಿನ ದಿನ ಮತ್ತೆ ಬರುತ್ತೇನೆ ಎಂದು ಚೀಲ ಎತ್ತಿಕೊಂಡಾಗ ಕರುಣಾ ಕೈಸನ್ನೆ ಮಾಡಿ ಕರೆದಳು. ದನಿ ಒಡೆದಿತ್ತು, ಕಿವಿ ಅವಳ ಬಾಯಿಯ ಹತ್ತಿರ ಒಯ್ಯಬೇಕಾಯಿತು.

"ಮುಂದಿನ ವರ್ಷ ನನ್ನ ಸರತಿ ಬಂದಾಗ, ತಟ್ಟಿ ಸೀದಾ ಹಿಡೀರಿ."

"ಆಗಲಿ," ಎಂದೆ.

ಮೆಟ್ರೋ ಮಾದಾಪುರ ಬಿಡುವಾಗ ತಿರುಗಿ ನೋಡಿದೆ. ಗಾಜಿನ ಕಟ್ಟಡಗಳ ನಡುವೆ ಅವಳ ಮನೆ ಗುರುತು ಸಿಗಲಿಲ್ಲ. ಅರ್ಧ ಕಟ್ಟಿದ ಒಂದು ಗೋಡೆಯ ಮೇಲೆ, ಬಲು ಎತ್ತರದಲ್ಲಿ, ಯಾರೋ ನಡುವಿಗೆ ಹಗ್ಗ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದರು. ಹೆದರಿಕೆ ಹೋಗಿರಲಿಲ್ಲ, ರಿಪೋರ್ಟಿಗೆ ಇನ್ನೂ ಎಂಟು ದಿನವಿತ್ತು. ಮುಂದಿನ ವರ್ಷ ಎಂದು ಅವಳ ಬಾಯಿಂದ ಬಂದ ಮಾತನ್ನು ಹಿಡಿದುಕೊಂಡು ಅಮೀರ್‌ಪೇಟೆಯವರೆಗೂ ಸುಮ್ಮನೆ ಕುಳಿತೆ.