ವಲ್ಲಿಯೊಳಗಿನ ವೈನು ವ್ಯಾಪಾರ

ಮೂಗು ಮುರಿಯಬೇಡ. ಕೊಕಟನೂರಿನ ಭೀಮಸಿ, ಕೊರಳಲ್ಲಿ ತುಳಸಿ ಮಾಳ ಇರುವ ಮನುಷ್ಯ, ಪರದೇಶಕ್ಕೆ ಹೋಗಿ ಕ್ಯಾನುಗಟ್ಟಲೆ ವೈನು ಖರೀದಿ ಮಾಡಿದ್ದು ಖರೆ. ನಾನು ಪಕ್ಕದಲ್ಲೇ ನಿಂತಿದ್ದೆ. ಮೊನ್ನೆ ನಾನು ಹೇಳಿದ ಕತೆಯಲ್ಲಿನ ಕೃಷ್ಣಾ ನದಿಯ ಮೊಸಳೆಯ ಉದ್ದವನ್ನು ಬೇಕಾದರೆ ಅರ್ಧ ಕಡಿಮೆ ಮಾಡಿಕೊಡುತ್ತೇನೆ, ಆದರೆ ಈ ಕತೆಯಲ್ಲಿ ಒಂದು ಗುಟುಕೂ ಕಡಿಮೆ ಮಾಡುವುದಿಲ್ಲ.

ಭೀಮಸಿ ಎಂಥವನು ಅಂತ ಮೊದಲು ತಿಳಿದುಕೋ. ಊರ ಹೊರಗೆ ತುಂಡು ಹೊಲ, ಅದರಲ್ಲಿ ದ್ರಾಕ್ಷಿ. ಬಿಡುವಿದ್ದಾಗ ಮುಗಳಖೋಡ, ಅಥಣಿ ಸಂತೆಗಳಲ್ಲಿ ಎತ್ತಿನ ದಲ್ಲಾಳಿ. ಮೀಸೆ ಬರುವ ಮೊದಲೇ ಪಂಢರಪುರಕ್ಕೆ ಹೋಗಿ ಮಾಳ ಹಾಕಿಸಿಕೊಂಡವನು. ಅಂದಿನಿಂದ ಮಾಂಸವಿಲ್ಲ, ದಾರೂ ಇಲ್ಲ. ಕೆಮ್ಮಿನ ಔಷಧವನ್ನೂ ಮೂಸಿ ನೋಡಿಯೇ ಕುಡಿಯುತ್ತಾನೆ. ಅವನಿಗಿರುವ ಚಟ ಒಂದೇ, ಠೋಕ ಖರೀದಿ. ಚಿಲ್ಲರೆಯಾಗಿ ಏನನ್ನೂ ಕೊಳ್ಳುವುದಿಲ್ಲ. ಒಮ್ಮೆ ನಿಪ್ಪಾಣಿಯಲ್ಲಿ ಸೋವಿ ಸಿಕ್ಕಿತು ಅಂತ ಒಂದು ಚೀಲ ಚಪ್ಪಲಿ ತಂದ. ಬಿಚ್ಚಿ ನೋಡಿದರೆ ಎಲ್ಲವೂ ಎಡಗಾಲಿನವು. ಆ ವರ್ಷ ಅರ್ಧ ಕೊಕಟನೂರು ಒಂದು ಕಡೆ ವಾಲಿಕೊಂಡು ನಡೆಯಿತು. ನಗಬೇಡ, ಅಲ್ಲಿನ ರಸ್ತೆ ಇವತ್ತಿಗೂ ಒಂದೇ ಮಗ್ಗುಲಿಗೆ ಸವೆದಿದೆ.

ಹೋದ ವರ್ಷ ನಾವು ದ್ರಾಕ್ಷಿ ಬೆಳೆಗಾರರೆಲ್ಲ ಸೇರಿ ಜಾರ್ಜಿಯಾ ಅನ್ನುವ ದೇಶಕ್ಕೆ ತೋಟ ನೋಡಲು ಹೊರಟೆವು. ಭೀಮಸಿಯ ಹೆಂಡತಿ ಮಲಕವ್ವ ಬಸ್ಸಿನ ಬಾಗಿಲಿನವರೆಗೆ ಬಂದು ಒಂದೇ ಮಾತು ಹೇಳಿದಳು.

"ಮಾಳಾ ಇದ್ದಂಗ ಬರ್ರಿ. ಇಲ್ಲಾಂದ್ರ ಆ ಕಡೇನ ಇರ್ರಿ."

ಮಹಾರಾಷ್ಟ್ರದ ಗಡಿಯ ಕೊಗನೊಳ್ಳಿ ದಾಟುವ ತನಕ ಅವನ ಕೈ ಮಾಳದ ಮೇಲೇ ಇತ್ತು.

ಆ ದೇಶದಲ್ಲಿ ನಮಗೆ ದುಭಾಷಿ ಮೆಹೆಕ, ನಿಪ್ಪಾಣಿಯ ತಂಬಾಕು ವ್ಯಾಪಾರಿ ಖಲೀಲನ ಮಗಳು. ಅಲ್ಲಿ ಡಾಕ್ಟರಕಿ ಓದುತ್ತಾಳೆ, ಅಲ್ಲಿಯ ಭಾಷೆಯನ್ನು ನೀರು ಕುಡಿದಂತೆ ಮಾತಾಡುತ್ತಾಳೆ. ಅವಳು ನಮ್ಮನ್ನು ಒಬ್ಬ ಮುದುಕನ ತೋಟಕ್ಕೆ ಕರೆದುಕೊಂಡು ಹೋದಳು. ಅಲ್ಲಿ ವೈನನ್ನು ಅಂಗಳದಲ್ಲಿ ಹೂತಿಟ್ಟ ಮಣ್ಣಿನ ಹಂಡೆಯಲ್ಲಿ ಮಾಡುತ್ತಾರೆ. ಆ ಹಂಡೆಗಳ ಆಳ ಏನು ಕೇಳುತ್ತೀ. ನಾನು ಬಗ್ಗಿ ಒಂದನ್ನು ಕೂಗಿದೆ, ಚಹಾ ಕುಡಿದು ಬಂದ ಮೇಲೆ ಮರುದನಿ ಕೇಳಿಸಿತು. ವೈನು ಬೇಕಾದವರು ಬಾಟಲಿ ಗೀಟಲಿ ಕೇಳುವುದಿಲ್ಲ. ನಮ್ಮಲ್ಲಿ ಡೀಸೆಲ್ ತರುತ್ತೇವಲ್ಲ, ಅಂಥ ಪ್ಲಾಸ್ಟಿಕ್ ಕ್ಯಾನು ಹಿಡಿದುಕೊಂಡು ಬಂದು ತುಂಬಿಸಿಕೊಂಡು ಹೋಗುತ್ತಾರೆ.

ನಮ್ಮ ಜೊತೆ ಬಂದಿದ್ದ ಕಾಗವಾಡದ ಸಂಗ್ರಾಮನಿಗೆ ವೈನು ಬೇಕಿತ್ತು. ರೇಟು ಇಳಿಸುವುದು ಅವನಿಂದ ಆಗಲಿಲ್ಲ. ಭೀಮಸಿಯ ಬೆನ್ನು ಹತ್ತಿದ.

"ಕಾಕಾ, ನೀ ಕುಡೀಬ್ಯಾಡ, ಮುಟ್ಟಬ್ಯಾಡ. ಬರೇ ರೇಟ್ ಮುರದ ಕೊಡು."

ವ್ಯಾಪಾರ ಕುದುರಿಸಿದರೆ ಮಾಳಕ್ಕೇನೂ ಆಗುವುದಿಲ್ಲ ಅಂತ ಭೀಮಸಿಗೂ ಅನ್ನಿಸಿತು. ಮುದುಕನ ಎದುರು ನಿಂತು, "ನಮಸ್ಕಾರ್ರಿ ಮಾಮಾ," ಅಂದ. ನಮ್ಮ ಕಡೆ ಕಂಡಕ್ಟರನೂ ಮಾಮಾ, ಚಹಾದ ಅಂಗಡಿಯವನೂ ಮಾಮಾ. ಆದರೆ ಮುದುಕ ನಿಂತಲ್ಲೇ ನಿಂತುಬಿಟ್ಟ, ಕಣ್ಣಲ್ಲಿ ನೀರು ಬಂತು. ಅವರ ಭಾಷೆಯಲ್ಲಿ ಮಾಮಾ ಅಂದರೆ ಅಪ್ಪನಂತೆ. ಅವನಿಗೆ ಮಕ್ಕಳಿಲ್ಲ ಅಂತ ಮೆಹೆಕ ನನ್ನ ಕಿವಿಯಲ್ಲಿ ಹೇಳಿದಳು.

ಭೀಮಸಿಗೆ ಇದು ಯಾವುದೂ ತಿಳಿಯದು. ಎತ್ತಿನ ಸಂತೆಯ ರೂಢಿಯಂತೆ ಹೆಗಲ ಮೇಲಿನ ವಲ್ಲಿ ತೆಗೆದು ಮುದುಕನ ಕೈ ಮೇಲೆ ಹೊದಿಸಿದ, ತಾನೂ ಒಳಗೆ ಕೈ ತೂರಿಸಿದ. ಸಂತೆಯಲ್ಲಿ ಬಾಯಿಂದ ರೇಟು ಹೇಳುವುದಿಲ್ಲವಲ್ಲ, ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಒತ್ತುವುದೇ ಮಾತು. ಭೀಮಸಿ ಒಂದು ಬೆರಳು ಒತ್ತಿದ. ಹೊಸ ಮಗ ಕೈ ಹಿಡಿದ ಅಂದುಕೊಂಡ ಮುದುಕ ಇವನ ಇಡೀ ಹಸ್ತವನ್ನೇ ಅವುಚಿಕೊಂಡ. ಐದು ಅಂತಾನಲ್ಲಪ್ಪಾ, ಬಲು ಗಟ್ಟಿ ಗಿರಾಕಿ ಅಂತ ಭೀಮಸಿ ಎರಡು ಬೆರಳು ಒತ್ತಿದ. ಮುದುಕ ಮತ್ತೆ ಇಡೀ ಹಸ್ತ ಅವುಚಿ, ಇನ್ನೊಂದು ಕೈಯಿಂದ ಇವನ ತಲೆ ಸವರಿದ. ಎತ್ತಿನ ದಲ್ಲಾಳಿಯ ತಲೆಯನ್ನು ಯಾವ ಸಂತೆಯಲ್ಲೂ ಯಾರೂ ಸವರಿರಲಿಲ್ಲ. ಭೀಮಸಿ ಕೈ ಎಳೆದುಕೊಂಡು ವಲ್ಲಿ ಕೊಡವಿದ. ನಮ್ಮಲ್ಲಿ ಅದು ವ್ಯಾಪಾರ ಮುರಿಯಿತು ಅನ್ನುವುದರ ಗುರುತು. ಅವರಿಗದು ವ್ಯಾಪಾರ ಕುದುರಿತು ಅನ್ನುವಂತೆ ಕಂಡಿತು.

ಮುದುಕ ಮೆಹೆಕಳಿಗೆ ಏನೋ ಹೇಳಿದ. ಅವಳು ನಗು ತಡೆದುಕೊಂಡು ನಮಗೆ ಹೇಳಿದಳು: ಮಗ ಐದೂ ಬೆರಳು ಕೊಟ್ಟು ಕೇಳಿದ್ದಾನೆ, ಬೆರಳಿಗೊಂದು ಕ್ಯಾನಿನಂತೆ ಐದು ಕ್ಯಾನು ಕೊಡುತ್ತೇನೆ, ರೊಕ್ಕ ಒಂದರದು ಸಾಕು.

ಒಂದರ ರೊಕ್ಕಕ್ಕೆ ಐದು ಅಂದ ಮೇಲೆ ಭೀಮಸಿಯ ಬಾಯಿಂದ ಬೇಡ ಅನ್ನುವ ಮಾತು ಹೇಗೆ ಬರಬೇಕು? ಅವನ ತಲೆ ತಾನೇ ಹೂಂ ಅಂತ ಆಡಿಬಿಟ್ಟಿತು.

ಫಜೀತಿ ಶುರುವಾದದ್ದು ಅಲ್ಲಿ. ಮುದುಕ ಒಳಗಿನಿಂದ ಎತ್ತಿನ ಕೊಂಬು ತಂದು ಅದರ ತುಂಬ ವೈನು ಸುರಿದ. ವ್ಯಾಪಾರ ಮಾಡಿದ ಕೈಯೇ ಮೊದಲ ಕೊಂಬು ಕುಡಿಯಬೇಕು, ಅದು ಅವನ ಮನೆಯ ಪದ್ಧತಿ. ಸಂಗ್ರಾಮ ನಾನು ಕುಡಿಯುತ್ತೇನೆ ಅಂತ ಹತ್ತು ಸಲ ಮುಂದೆ ಬಂದ, ಮುದುಕ ಅವನತ್ತ ತಿರುಗಿಯೂ ನೋಡಲಿಲ್ಲ. ಭೀಮಸಿ ಒಂದು ಕೈಯಲ್ಲಿ ಕೊಂಬು, ಒಂದು ಕೈಯಲ್ಲಿ ಮಾಳ ಹಿಡಿದುಕೊಂಡು ನಿಂತ. ಹಣೆಯ ಬೆವರು ಮೂಗಿನ ತುದಿಗೆ ಬಂತು. ಕುಡಿದರೆ ಮಾಳ ಹೋಯಿತು. ಕುಡಿಯದಿದ್ದರೆ ಅಪ್ಪ ಅನ್ನಿಸಿಕೊಂಡ ಮುದುಕನ ಮನಸ್ಸು ಮುರಿಯಿತು. ಸಂಗ್ರಾಮ ಮೊಬೈಲು ತೆಗೆದು ಟಕ್ ಅಂತ ಒಂದು ಫೋಟೋ ಹೊಡೆದ.

"ಮೆಹೆಕವ್ವಾ," ಅಂದ ಭೀಮಸಿ ಸಣ್ಣ ದನಿಯಲ್ಲಿ, "ಇವರಿಗಿ ಹೇಳವಾ. ಇದು ಕೊಳ್ಳಾಗ ಇರೂತನಕ ನನಗ ಆಗೂದಿಲ್ಲ."

ಮೆಹೆಕ ಹೇಳಿದಳು. ಮುದುಕ ಹತ್ತಿರ ಬಂದು ಮಾಳವನ್ನು ದಿಟ್ಟಿಸಿದ. ಆಮೇಲೆ ತನ್ನ ಅಂಗಿಯ ಗುಂಡಿ ಬಿಚ್ಚಿ, ಎದೆಯ ಮೇಲಿನ ದಾರ ಹೊರಗೆ ಎಳೆದು ತೋರಿಸಿದ. ಅದರಲ್ಲಿ ಒಂದು ಸಣ್ಣ ಶಿಲುಬೆ. ಇಬ್ಬರೂ ಒಂದು ಗಳಿಗೆ ಒಬ್ಬರ ಕೊರಳು ಒಬ್ಬರು ನೋಡುತ್ತ ನಿಂತರು. ಮುದುಕ ಕೊಂಬಿನ ವೈನನ್ನು ತಾನೇ ಗಟಗಟ ಕುಡಿದು, ಕೊಂಬನ್ನು ತೊಳೆದು, ಹಿತ್ತಲಿಗೆ ಹೋಗಿ ಮತ್ತೆ ತುಂಬಿಸಿಕೊಂಡು ಬಂದ. ಭೀಮಸಿ ಮೂಸಿದ. ಇನ್ನೊಮ್ಮೆ ಮೂಸಿದ.

"ಲೇ, ಇದು ಕಾಕವಿ ಐತಿ," ಅಂದ.

ಹಿತ್ತಲಲ್ಲಿ ನಮ್ಮ ಬೆಲ್ಲದ ಗಾಣದಲ್ಲಿರುವಂಥದೇ ಕಡಾಯಿ. ಅದರಲ್ಲಿ ಅಂದೇ ಹಿಂಡಿದ ದ್ರಾಕ್ಷಿರಸ ಕುದ್ದು ಕುದ್ದು ಗಟ್ಟಿಯಾಗಿತ್ತು. ಕಾಕವಿ ಅಂದರೆ ಜೋನಿ ಬೆಲ್ಲವಲ್ಲವೇ, ನಾವು ಕಬ್ಬಿನದು ಮಾಡುತ್ತೇವೆ, ಅವರು ದ್ರಾಕ್ಷಿಯದು, ಅಷ್ಟೇ ಫರಕು. ಭೀಮಸಿ ಕೊಂಬನ್ನು ಒಂದೇ ಉಸಿರಿಗೆ ಮುಗಿಸಿ ನೆಲದ ಮೇಲೆ ಕುಕ್ಕರಿಸಿಬಿಟ್ಟ. ಎತ್ತು ನೊಗ ಇಳಿಸಿದಂತೆ ಉಸಿರು ಬಿಟ್ಟ. ಆ ಉಸಿರಿಗೆ ಮೂರು ಬಳ್ಳಿಯ ಎಲೆ ಉದುರಿದವು. ವೈನು ನಮಗೆ ವಿಮಾನದಲ್ಲಿ ತರಲು ಬಿಡುವಷ್ಟೇ ಬಂತು, ಉಳಿದದ್ದನ್ನು ಮಾಮಾ ನಗುತ್ತ ಹಂಡೆಗೆ ಸುರಿದುಕೊಂಡ. ಭೀಮಸಿಗೆ ಮಾತ್ರ ಒಂದು ಕ್ಯಾನು ಕಾಕವಿ ಕಟ್ಟಿಕೊಟ್ಟ.

ಆದರೆ ಸಂಗ್ರಾಮನ ಫೋಟೋ ನಮಗಿಂತ ಮೊದಲೇ ಊರು ಮುಟ್ಟಿತ್ತು. ಕೊಕಟನೂರಿನಲ್ಲಿ ಮಲಕವ್ವ ಮೊಬೈಲು ಹಿಡಿದು ಹೊಸ್ತಿಲಲ್ಲೇ ಕುಳಿತಿದ್ದಳು. ಗಂಡನಿಗೆ ಕಾಲು ತೊಳೆಯಲು ನೀರು ಕೊಡಲಿಲ್ಲ. ನಾನು ಸಾಕ್ಷಿ ಹೇಳಲು ಹೋದೆ. ನಿಮ್ಮ ಮೊಸಳೆಯ ಕತೆಯನ್ನೂ ಕೇಳಿದ್ದೇನೆ ಅಂತ ನನ್ನ ಬಾಯಿ ಮುಚ್ಚಿಸಿದಳು. ಭೀಮಸಿ ಕಾಕವಿಯ ಕ್ಯಾನು ಮುಂದಿಟ್ಟ.

ಅವಳು ತಾಟಿಗೆ ಒಂದಿಷ್ಟು ಸುರಿದಳು. ಹೆಬ್ಬೆರಳು, ತೋರುಬೆರಳು ಅದ್ದಿ, ಕೂಡಿಸಿ, ಮೆಲ್ಲಗೆ ಅಗಲಿಸಿದಳು. ನಡುವೆ ಬಂಗಾರದಂಥ ಎಳೆ ಬಂತು. ಮತ್ತಷ್ಟು ಅಗಲಿಸಿದಳು, ಎಳೆ ಹರಿಯಲಿಲ್ಲ.

"ದಾರೂಕ ಎಳಿ ಬರೂದಿಲ್ಲ ಬಿಡ್ರಿ," ಅಂದು ಬೆರಳು ಚೀಪುತ್ತ ಒಳಗೆ ಹೋಗಿ ನೀರಿನ ತಂಬಿಗೆ ತಂದಳು. ಭೀಮಸಿ ಅಷ್ಟು ಹೊತ್ತು ಕಾಲು ತೊಳೆದದ್ದನ್ನು ನಾನು ಎಂದೂ ಕಂಡಿಲ್ಲ. ಆ ನೀರು ಹರಿದು ಹೋಗಿ ಓಣಿಯ ಕೊನೆಯ ಮನೆಯವರು...

"ಏನ್ರಿ, ಹುಡುಗರ ತಲಿ ತಿನ್ನೂದು ಸಾಕ, ರೊಟ್ಟಿ ಆರಾಕತ್ತಾವ. ಭೀಮಸಣ್ಣ ಕೊಟ್ಟ ಕಾಕವಿ ತಳಾ ಹತ್ತೇತಿ, ಇರೂದರಾಗ ಬರ್ರಿ."

ಕೇಳಿದೆಯಾ ನಿಮ್ಮ ಸಾವಕ್ಕಜ್ಜಿ ಅಂದದ್ದನ್ನು? ಏಳು, ಕೈ ತೊಳೆದುಕೋ. ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಲೇ ಹೇಳು, ಸುಳ್ಳೋ ಖರೆಯೋ.